ಅಕ್ಕನ ರಕ್ತ ‘ಓ’ ಅಲ್ಲವಂತೆ, ‘ಬಾಂಬೆ’ಯಂತೆ. ಈಗ ಏನು ಮಾಡುವುದು?

ಕೊಪ್ಪದವನು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ ನಲವತ್ತೊಂದು ವರ್ಷ. ಗರ್ಭಕೋಶದಲ್ಲಿ ಗಡ್ಡೆಗಳಿವೆ, ತಿಂಗಳಲ್ಲಿ ಹತ್ತು ಹನ್ನೆರಡು ದಿನ ಸ್ರಾವ. ಹಿಮೋಗ್ಲೋಬಿನ್ 7.8ಕ್ಕೆ ಇಳಿದಿದೆ. ಗರ್ಭಕೋಶ ತೆಗೆಯಬೇಕಾಗುತ್ತದೆ, ಎರಡು ಯೂನಿಟ್ ರಕ್ತ ಹೊಂದಿಸಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಹೆರಿಗೆ ಕಾಲದ ತಾಯಿ ಕಾರ್ಡಿನಲ್ಲಿ ‘ಓ ಪಾಸಿಟಿವ್’ ಎಂದು ಬರೆದಿದೆ. ಓ ಪಾಸಿಟಿವ್‌ಗೆ ಎಲ್ಲಿಯ ಬರ ಎಂದುಕೊಂಡು ನಾವು ನಿಶ್ಚಿಂತೆಯಿಂದಿದ್ದೆವು.

ರಕ್ತನಿಧಿಯಲ್ಲಿ ಒಂದಾದ ಮೇಲೊಂದು ಚೀಲ ತೆಗೆದು ಕ್ರಾಸ್‌ಮ್ಯಾಚ್ ಮಾಡಿದರು, ಅಂದರೆ ಅಕ್ಕನ ರಕ್ತದ ಜೊತೆ ಸೇರಿಸಿ ನೋಡಿದರು, ಯಾವುದೂ ಹೊಂದಲಿಲ್ಲ. ಮಾದರಿಯನ್ನು ಬೆಂಗಳೂರಿಗೆ ಕಳುಹಿಸಿದರು. ‘ಬಾಂಬೆ ಗುಂಪು, ಆರ್‌ಎಚ್ ಪಾಸಿಟಿವ್’ ಎಂದು ವರದಿ ಬಂದಿದೆ. ಶೃಂಗೇರಿ ದಾಟಿ ಹೆಣ್ಣು ತಂದ ಕುಟುಂಬವೇ ನಮ್ಮದಲ್ಲ, ನಮಗೆಲ್ಲಿಯ ಬಾಂಬೆ?

ಇದು ಕಾಯಿಲೆಯೇ? ನನ್ನದು ಬಿ ಪಾಸಿಟಿವ್, ತಮ್ಮನ ಡ್ರೈವಿಂಗ್ ಲೈಸೆನ್ಸಿನಲ್ಲಿ ಓ ಪಾಸಿಟಿವ್ ಎಂದಿದೆ. ನಾವು ಕೊಡಬಹುದೇ? ಅಪ್ಪನದು ಬಿ, ಅಮ್ಮನದು ಓ. ಅಮ್ಮ ನಮ್ಮ ಅಪ್ಪನಿಗೆ ಸ್ವಂತ ಅಕ್ಕನ ಮಗಳು.

ಇನ್ನೊಂದು ವಿಷಯ ಬರೆಯಲು ಮುಜುಗರವಾಗುತ್ತದೆ. ಬಾವನದು ಎ, ಅಕ್ಕನದು ಓ ಎಂದೇ ಇಷ್ಟು ದಿನ ತಿಳಿದಿದ್ದೆವು. ಮಗಳದು ಎಬಿ. ಶಾಲೆಯ ಗುರುತಿನ ಚೀಟಿಗೆಂದು ಪರೀಕ್ಷೆ ಮಾಡಿಸಿದ ದಿನದಿಂದ ಅಕ್ಕನ ಅತ್ತೆಯವರ ಮಾತಿನ ಧಾಟಿಯೇ ಬದಲಾಗಿದೆ. ಬಾವ ಏನೂ ಹೇಳುವುದಿಲ್ಲ, ಆದರೆ ಏನೂ ಹೇಳದಿರುವುದೇ ಅಕ್ಕನಿಗೆ ಹೆಚ್ಚು ನೋವು.

ಸಹಾಯಹಸ್ತ ಉತ್ತರಿಸಿದ್ದು:

ಗಾಬರಿ ಬೇಡ ಸರ್. ಓ ನೆಗೆಟಿವ್ ಎಲ್ಲರಿಗೂ ಆಗುತ್ತದೆ, ತುರ್ತಿನಲ್ಲಿ ಅದನ್ನೇ ಕೊಡುತ್ತಾರೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಓ ನೆಗೆಟಿವ್ ದಾನಿಗಳು ಇದ್ದಾರೆ, ಈಗಲೇ ಸಂದೇಶ ಹಾಕುತ್ತೇನೆ.

ನಿವೃತ್ತ ತಂತ್ರಜ್ಞೆ ಉತ್ತರಿಸಿದ್ದು:

ಆ ಸಂದೇಶ ಹಾಕಬೇಡಿ, ದಯವಿಟ್ಟು. ಈ ಅಕ್ಕನಿಗೆ ಓ ರಕ್ತ ಏರಿಸಿದರೆ ಜೀವಕ್ಕೇ ಅಪಾಯ. ಪಾಸಿಟಿವ್ ಆದರೂ ಅಷ್ಟೇ, ನೆಗೆಟಿವ್ ಆದರೂ ಅಷ್ಟೇ. ಕಾರಣ ಹೇಳುತ್ತೇನೆ. ರಕ್ತನಿಧಿಯ ಮೇಜಿನ ಮುಂದೆಯೇ ನನ್ನ ಕಣ್ಣಿಗೆ ಕನ್ನಡಕ ಬಂದದ್ದು.

ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ಸಣ್ಣ ಸರಪಳಿಗಳಿರುತ್ತವೆ. ಅದರ ತುದಿಗೆ ಫ್ಯೂಕೋಸ್ ಎಂಬ ಸಕ್ಕರೆ ಸೇರಿದರೆ ಅದು ‘ಎಚ್’ ಪ್ರತಿಜನಕ, ಅಂದರೆ ಕಣದ ಮೈಮೇಲಿನ ಒಂದು ಗುರುತು. ಈ ಎಚ್‌ನ ಮೇಲೆ ಇನ್ನೊಂದು ಬಗೆಯ ಸಕ್ಕರೆ ಕೂತರೆ ಎ, ಮತ್ತೊಂದು ಬಗೆಯದು ಕೂತರೆ ಬಿ. ಏನೂ ಕೂರದೆ ಎಚ್ ಹಾಗೇ ಉಳಿದರೆ ಓ. ಅಂದರೆ ಓ ಗುಂಪಿನವರ ಕಣಗಳಲ್ಲಿ ಎಚ್ ಎಲ್ಲರಿಗಿಂತ ಹೆಚ್ಚು. ನಿಮ್ಮ ಅಕ್ಕನಲ್ಲಿ ಆ ಎಚ್ ಕಟ್ಟುವ ಎಫ್‌ಯುಟಿ1 ಎಂಬ ಜೀನ್ ಎರಡೂ ಕಡೆಯಿಂದ ಕೆಟ್ಟೇ ಬಂದಿದೆ. ಎಚ್ ಇಲ್ಲ, ಹಾಗಾಗಿ ಎ ಬಿ ಕೂರಲು ಜಾಗವೂ ಇಲ್ಲ. ತನ್ನಲ್ಲಿಲ್ಲದ ಎಚ್‌ನ ವಿರುದ್ಧ ಆಕೆಯ ಸೀರಂನಲ್ಲಿ, ಅಂದರೆ ರಕ್ತದ ತಿಳಿಯಲ್ಲಿ, ಹುಟ್ಟಿನಿಂದಲೇ ಎಂಬಂತೆ ಬಲವಾದ ಪ್ರತಿಕಾಯ (ಪರಕೀಯ ಕಣಗಳ ಮೇಲೆ ಎರಗುವ ವಸ್ತು) ಇರುತ್ತದೆ. ಅದು ಮೈಶಾಖದಲ್ಲೇ ಕೆಲಸ ಮಾಡುವಂಥದ್ದು. ಓ ಚೀಲ ಏರಿಸಿದರೆ ಆ ಕಣಗಳು ರಕ್ತನಾಳದೊಳಗೇ ಒಡೆಯತೊಡಗುತ್ತವೆ. ಮೂತ್ರ ಕೋಕಂ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡ ಕೈಕೊಡಬಹುದು, ಜೀವವೂ ಹೋಗಬಹುದು. ಕ್ರಾಸ್‌ಮ್ಯಾಚ್‌ನಲ್ಲಿ ಹೊಂದಿಲ್ಲವೆಂದು ಚೀಲ ತಡೆಹಿಡಿದವರಿಗೆ ಒಂದು ನಮಸ್ಕಾರ ಹೇಳಿ ಬನ್ನಿ.

ಹಾಗಾದರೆ ತಾಯಿ ಕಾರ್ಡಿನಲ್ಲಿ ಓ ಎಂದು ಬಂದದ್ದು ಹೇಗೆ? ಬಿಳಿ ಟೈಲ್ ಮೇಲೆ ರಕ್ತದ ಹನಿಗಳನ್ನು ಇಟ್ಟು, ಒಂದಕ್ಕೆ ಆಂಟಿ‑ಎ, ಇನ್ನೊಂದಕ್ಕೆ ಆಂಟಿ‑ಬಿ ಹಾಕಿ ಕಡ್ಡಿಯಿಂದ ಕಲಸುತ್ತಾರೆ. ಕಣಗಳು ಅಂಟಿಕೊಂಡು ಮರಳು ಮರಳಾದರೆ ಆ ಗುಂಪು. ಎರಡೂ ನುಣ್ಣಗೆ ಉಳಿದರೆ ಓ ಎಂದು ಬರೆದು ಕೈತೊಳೆಯುತ್ತಾರೆ. ಬಾಂಬೆಯವರದೂ ನುಣ್ಣಗೇ ಉಳಿಯುತ್ತದೆ. ಗುಟ್ಟು ಹೊರಬೀಳುವುದು ತಿರುಗಿಸಿ ನೋಡಿದಾಗ: ರೋಗಿಯ ಸೀರಂ ತೆಗೆದು ಗೊತ್ತಿರುವ ಎ ಕಣ, ಬಿ ಕಣ, ಓ ಕಣಗಳ ಜೊತೆ ಸೇರಿಸಬೇಕು. ಮಾಮೂಲಿ ಓ ಆಗಿದ್ದರೆ ಮೂರನೆಯ ಕೊಳವೆ ನುಣ್ಣಗಿರುತ್ತದೆ. ಬಾಂಬೆಯಲ್ಲಿ ಮೂರೂ ಗಟ್ಟಿ. ಆ ಮೂರನೆಯ ಕೊಳವೆಯನ್ನು ಇಡಲು ಬೇಸರಪಡುವ ಪ್ರಯೋಗಾಲಯಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಕೋಪ ಇನ್ನೂ ಇಳಿದಿಲ್ಲ.

ಖಚಿತಪಡಿಸಿಕೊಳ್ಳಲು ಆಂಟಿ‑ಎಚ್ ಲೆಕ್ಟಿನ್ ಹಾಕುತ್ತೇವೆ. ಯೂಲೆಕ್ಸ್ ಯೂರೋಪಿಯಸ್ ಎಂಬ ಹಳದಿ ಹೂವಿನ ಮುಳ್ಳುಪೊದೆಯ ಬೀಜದ ಸಾರ ಅದು. ಎಚ್ ಇರುವ ಕಣಗಳನ್ನು ಅದು ಅಂಟಿಸುತ್ತದೆ, ಬಾಂಬೆಯವು ನುಣ್ಣಗೇ ಉಳಿಯುತ್ತವೆ. ಊಟಿಯ ಗುಡ್ಡಗಳಲ್ಲಿ ಅದೇ ಗಿಡ ಕಳೆಯಾಗಿ ಹಬ್ಬಿದೆ, ಪ್ರವಾಸ ಹೋದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಹೆಸರಿನ ಮಾತು: 1952ರಲ್ಲಿ ಬಾಂಬೆಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಜೊತೆಗಾರರು ಇಂಥ ರಕ್ತವನ್ನು ಗುರುತಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಅದಕ್ಕೇ ಆ ಊರಿನ ಹೆಸರು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು, ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು ಎನ್ನುತ್ತಾರೆ. ಇದು ಕಾಯಿಲೆ ಅಲ್ಲ. ರಕ್ತ ಬೇಕಾಗುವವರೆಗೆ ಯಾವ ತೊಂದರೆಯೂ ಇಲ್ಲ. ಅಪ್ಪ ಅಮ್ಮ ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಹೊತ್ತಿದ್ದರೆ ಮಾತ್ರ ಮಕ್ಕಳಲ್ಲಿ ಹೀಗಾಗುತ್ತದೆ. ಸೋದರಮಾವನನ್ನೇ ಮದುವೆಯಾದಾಗ ಒಂದೇ ಹಿರಿಯರಿಂದ ಆ ಪ್ರತಿ ಇಬ್ಬರಿಗೂ ಬಂದಿರುವ ಸಾಧ್ಯತೆ ಹೆಚ್ಚು. ಶೃಂಗೇರಿ ದಾಟಲಿಲ್ಲ ಎಂದಿರಲ್ಲ, ದಾಟದ್ದೇ ಕಾರಣವಾಗಿರಬಹುದು.

ಈಗ ಮಗುವಿನ ವಿಷಯ. ಇದನ್ನು ಮುದ್ರಿಸಿಕೊಂಡು ಅತ್ತೆಯವರಿಗೆ ಓದಿ ಹೇಳಿ. ಗೋಡೆಯಲ್ಲಿ ಗೂಟವೇ ಇಲ್ಲದಿದ್ದರೆ ಅಂಗಿ ಎಲ್ಲಿ ತೂಗುಹಾಕುತ್ತೀರಿ? ಅಂಗಿ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ, ಹೊರಗೆ ಕಾಣುವುದಿಲ್ಲ ಅಷ್ಟೇ. ಅಪ್ಪನಿಂದ ಬಂದ ಬಿ ಜೀನ್ ನಿಮ್ಮ ಅಕ್ಕನಲ್ಲಿ ಹಾಗೆ ಇದೆ. ಅದು ಮಗಳಿಗೆ ಹೋಯಿತು, ಬಾವನಿಂದ ಎ ಬಂತು, ಜೊತೆಗೆ ಬಾವನಿಂದ ಒಳ್ಳೆಯ ಎಚ್ ಜೀನ್ ಬಂತು. ಎರಡೂ ಹೊರಗೆ ಕಂಡವು, ಮಗು ಎಬಿ ಆಯಿತು. ಲೆಕ್ಕ ಚೊಕ್ಕವಾಗಿದೆ. ಮಗುವಿನ ರಕ್ತದ ಗುಂಪನ್ನು ಹಿಡಿದುಕೊಂಡು ಹೆಂಗಸಿನ ನಡತೆಯ ಬಗ್ಗೆ ಪಿಸುಗುಡುವವರ ಬಾಯಿ ಇವತ್ತೇ ಮುಚ್ಚಿಸಿ. ಬಾವನವರು ಈಗಲಾದರೂ ನಾಲ್ಕು ಮಾತು ಆಡಲಿ.

ನೀವು ಬಿ, ಹಾಗಾಗಿ ನಿಮ್ಮದು ಆಗುವುದಿಲ್ಲ. ತಮ್ಮನ ಓ ನಿಜವಾದ ಓ ಇರಬಹುದು, ಇದೂ ಇರಬಹುದು. ಒಡಹುಟ್ಟಿದವರಲ್ಲಿ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇದೆ. ನಾಳೆಯೇ ಪರೀಕ್ಷೆ ಮಾಡಿಸಿ, ಆಂಟಿ‑ಎಚ್ ಹಾಕಿ ನೋಡಿ ಎಂದು ಬಾಯಿಬಿಟ್ಟು ಕೇಳಿ. ದೊಡ್ಡಪ್ಪ, ಅತ್ತೆ, ಮಾವಂದಿರಲ್ಲಿ ಓ ಎನ್ನಿಸಿಕೊಂಡವರನ್ನೂ ಬಿಡಬೇಡಿ.

ಕಡಲತಡಿ ಉತ್ತರಿಸಿದ್ದು:

ನಾನೂ ಬಾಂಬೆ ಗುಂಪಿನವನೇ, ಉಡುಪಿ ಕಡೆಯವನು. ಕಾಲೇಜಿನ ರಕ್ತದಾನ ಶಿಬಿರದಲ್ಲಿ ಕೊಟ್ಟ ಮೇಲೆ ಗೊತ್ತಾಯಿತು. ಅದುವರೆಗೆ ಓ ಎಂದು ಎದೆಯುಬ್ಬಿಸಿ ತಿರುಗುತ್ತಿದ್ದೆ. ನನ್ನ ಕೆಂಪು ಕಣಗಳನ್ನು ಯಾವ ಗುಂಪಿನವರಿಗಾದರೂ ಕೊಡಬಹುದು, ನನಗೆ ಮಾತ್ರ ಬಾಂಬೆಯವರದೇ ಆಗಬೇಕು, ಕೊಡುವಾಗಲೂ ಪಡೆಯುವಾಗಲೂ ಆರ್‌ಎಚ್ ಕೂಡ ನೋಡಬೇಕು.

ತಮ್ಮನದು ಬಾಂಬೆ ಎಂದು ಬಂದರೆ ಉತ್ಸಾಹದಲ್ಲಿ ಅವತ್ತೇ ಚೀಲ ತುಂಬಿಸಬೇಡಿ. ಫ್ರಿಜ್‌ನಲ್ಲಿ ಅದರ ಆಯುಸ್ಸು 35 ದಿನ, ಒಳ್ಳೆಯ ದ್ರಾವಣದಲ್ಲಿದ್ದರೆ 42. ಶಸ್ತ್ರಚಿಕಿತ್ಸೆಯ ದಿನಾಂಕ ಗಟ್ಟಿಯಾಗಲಿ. ಒಮ್ಮೆ ಕೊಟ್ಟರೆ ಗಂಡಸರಿಗೆ ಮತ್ತೆ ಮೂರು ತಿಂಗಳು ಬಿಡುವು. ನಾನು ಈಗ ಶಿಬಿರಗಳಿಗೆ ಹೋಗುವುದಿಲ್ಲ, ಕರೆ ಬಂದರೆ ಮಾತ್ರ ಹೋಗುತ್ತೇನೆ. ಒಮ್ಮೆ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಕೊಟ್ಟು, ಮಿರ್ಚಿ ಮಂಡಕ್ಕಿ ತಿಂದು ಬಂದೆ. ನಿಮ್ಮ ರಕ್ತನಿಧಿಯವರು ಅಪರೂಪದ ದಾನಿಗಳ ಪಟ್ಟಿ ಇರುವ ಕಡೆ ವಿಚಾರಿಸಲಿ. ನೇರವಾಗಿ ಮೊಬೈಲ್ ಸಂಖ್ಯೆ ಹಂಚುವುದು ಬೇಡ, ಹಣ ಕೇಳುವವರು ಹುಟ್ಟಿಕೊಳ್ಳುತ್ತಾರೆ.

ಓದುಗ ಕೋಲಾರ ಉತ್ತರಿಸಿದ್ದು:

ನಮ್ಮ ಜಿಲ್ಲೆಯ ಮಹಿಳೆಯೊಬ್ಬರಲ್ಲಿ ಜಗತ್ತಿನಲ್ಲೇ ಎಲ್ಲೂ ಕಾಣದ ರಕ್ತ ಸಿಕ್ಕಿತೆಂದು 2025ರಲ್ಲಿ ಸುದ್ದಿಯಾಗಿತ್ತು. ಅದೂ ಬಾಂಬೆಯೇ?

ನಿವೃತ್ತ ತಂತ್ರಜ್ಞೆ ಉತ್ತರಿಸಿದ್ದು:

ಅಲ್ಲ. ಅದು ಕ್ರಾಮರ್ ಎಂಬ ಬೇರೆಯೇ ರಕ್ತಗುಂಪಿನ ವ್ಯವಸ್ಥೆ. ಆಕೆಯದು ಓ ಪಾಸಿಟಿವ್. ಹೃದಯದ ಶಸ್ತ್ರಚಿಕಿತ್ಸೆಗೆ ಬಂದಾಗ ಯಾವ ಓ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರದವರು ಕುಟುಂಬದ 20 ಜನರ ಮಾದರಿ ನೋಡಿದರು, ಒಬ್ಬರದೂ ಹೊಂದಲಿಲ್ಲ. ಕೊನೆಗೆ ರಕ್ತ ಕೊಡದೆಯೇ ಶಸ್ತ್ರಚಿಕಿತ್ಸೆ ನಡೆಯಿತು. ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಗಿ, ತಿಂಗಳುಗಟ್ಟಲೆ ಅಧ್ಯಯನವಾಗಿ ಹೊಸ ಪ್ರತಿಜನಕ ಎಂದು ಖಾತ್ರಿಯಾಯಿತು. ‘ಕ್ರಿಬ್’ ಎಂದು ಹೆಸರಿಟ್ಟಿದ್ದಾರೆ: ಕ್ರಾಮರ್, ಇಂಡಿಯಾ, ಬೆಂಗಳೂರು. ಆ ಹೆಣ್ಣುಮಗಳ ಮುಂದೆ ನಮ್ಮ ಕೊಪ್ಪದ ಅಕ್ಕ ಅದೃಷ್ಟವಂತೆಯೇ, ದೇಶದಲ್ಲಿ ಜೊತೆಯವರು ಸಾವಿರಾರು ಮಂದಿ ಇದ್ದಾರೆ.

ಕೊಪ್ಪದವನು ಬರೆದದ್ದು:

ಎಲ್ಲರಿಗೂ ಕೃತಜ್ಞತೆ. ತಮ್ಮನನ್ನು ಎಳೆದುಕೊಂಡು ಹೋದೆ. ಸೂಜಿ ಕಂಡರೆ ಅವನಿಗೆ ಚಿಕ್ಕಂದಿನಿಂದ ಭಯ, ಮುಖ ತಿರುಗಿಸಿ ಕೂತ. ಅವನದೂ ಬಾಂಬೆ ಪಾಸಿಟಿವ್! ಅಮ್ಮ, ಮೇಡಂ, ಏನು ಕರೆಯಲಿ ನಿಮ್ಮನ್ನು? ನೀವು ಬರೆದದ್ದನ್ನು ಬಾವ ತಾವೇ ಅವರ ಅಮ್ಮನಿಗೆ ಓದಿ ಹೇಳಿದರಂತೆ. ಅತ್ತೆಯವರು ಪೂರ್ತಿ ಕೇಳಿ, ಗೂಟದ ಉದಾಹರಣೆ ಮಾತ್ರ ಅರ್ಥವಾಯಿತು ಎಂದರಂತೆ. ಶಸ್ತ್ರಚಿಕಿತ್ಸೆ ಈ ವಾರವೇ ಮಾಡಿಸಿಬಿಡೋಣವೇ?

ನಿವೃತ್ತ ತಂತ್ರಜ್ಞೆ ಉತ್ತರಿಸಿದ್ದು:

ಅಷ್ಟು ಅರ್ಥವಾದರೆ ಸಾಕು.

ಅವಸರ ಏಕೆ? ಗಡ್ಡೆ ಓಡಿಹೋಗುವುದಿಲ್ಲ. 7.8 ಇಟ್ಟುಕೊಂಡು ಟೇಬಲ್ ಹತ್ತಿಸುವ ಬದಲು ಮೊದಲು ಸ್ರಾವ ತಡೆಯುವ ಮಾತ್ರೆ, ರಕ್ತನಾಳದ ಮೂಲಕ ಕಬ್ಬಿಣಾಂಶ, ಇವುಗಳ ಬಗ್ಗೆ ಡಾಕ್ಟರನ್ನು ಕೇಳಿ. ಕೆಲವು ವಾರಗಳಲ್ಲಿ ಹಿಮೋಗ್ಲೋಬಿನ್ ಏರುತ್ತದೆ. 11 ದಾಟಿದರೆ ಅಕ್ಕನದೇ ಒಂದು ಚೀಲ ಮುಂಚಿತವಾಗಿ ತೆಗೆದು ಅವರಿಗೇ ಇಟ್ಟುಕೊಳ್ಳುವ ದಾರಿಯೂ ಇದೆ. ಶಸ್ತ್ರಚಿಕಿತ್ಸೆಗೆ ಕೊನೆಯ 72 ಗಂಟೆ ಉಳಿದಿರುವಾಗ ಮಾತ್ರ ತೆಗೆಯುವುದಿಲ್ಲ.

ತಮ್ಮನ ಚೀಲದ ವಿಷಯದಲ್ಲಿ ಒಂದನ್ನು ರಕ್ತನಿಧಿಯವರಿಗೆ ಮರೆಯದೆ ಹೇಳಿ: ದಾನಿ ರೋಗಿಯ ಒಡಹುಟ್ಟು. ಹತ್ತಿರದ ಸಂಬಂಧಿಯ ರಕ್ತದಲ್ಲಿರುವ ಬಿಳಿ ಕಣಗಳನ್ನು ರೋಗಿಯ ದೇಹ ಪರಕೀಯವೆಂದು ಗುರುತಿಸದೆ ಒಳಗೆ ಬಿಟ್ಟುಕೊಳ್ಳಬಹುದು. ಆಮೇಲೆ ಅವೇ ರೋಗಿಯ ಚರ್ಮ, ಕರುಳು, ಅಸ್ಥಿಮಜ್ಜೆಯ ಮೇಲೆ ತಿರುಗಿಬೀಳುತ್ತವೆ. ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ. ಅದಕ್ಕೆ ಚೀಲಕ್ಕೆ ವಿಕಿರಣ ಕೊಡಿಸಬೇಕು. ಚಿಕ್ಕ ಊರುಗಳಲ್ಲಿ ಆ ಯಂತ್ರ ಇರುವುದಿಲ್ಲ, ಎಲ್ಲಿದೆ ಎಂದು ಈಗಲೇ ವಿಚಾರಿಸಿ ದಿನಾಂಕ ಹೊಂದಿಸಿಕೊಳ್ಳಿ. ತಮ್ಮನಿಗೆ ಅದುವರೆಗೆ ಬೈಕ್ ಕೊಡಬೇಡಿ.