ನಮ್ಮ ಮನೆ ಗುಂಪು: ಆ ಮಂಡಿ ಪುಡಿ ವಿಡಿಯೋ

ಚಿಕ್ಕಪ್ಪ: (ಫಾರ್ವರ್ಡ್ ವಿಡಿಯೋ) ‘ಮಂಡಿ ಸವೆದಿದೆಯೇ? ನಡೆಯುವುದನ್ನು ನಿಲ್ಲಿಸಿ. ಈ ಪುಡಿ ಕುಡಿದರೆ ಸವೆದದ್ದು ಮತ್ತೆ ಬೆಳೆಯುತ್ತದೆ.’ ಅತ್ತಿಗೆ, ತಪ್ಪದೇ ನೋಡಿ.

ಸ್ಮಿತಾ: ಚಿಕ್ಕಪ್ಪ, ದಯವಿಟ್ಟು ಇದನ್ನು ಡಿಲೀಟ್ ಮಾಡಿ. ಅಮ್ಮ ನೋಡಿಬಿಟ್ಟು ಇವತ್ತು ವಾಕಿಂಗಿಗೇ ಹೋಗಿಲ್ಲ.

ಚಿಕ್ಕಪ್ಪ: ಸವೆದ ಮಂಡಿಯನ್ನು ಇನ್ನೂ ಸವೆಸಬೇಕಾ? ಎಕ್ಸ್‌ರೇಯಲ್ಲಿ ಮೂಳೆಗಳ ನಡುವಿನ ಗ್ಯಾಪ್ ಕಡಿಮೆಯಾಗಿದೆ ಅಂತ ಡಾಕ್ಟರೇ ಹೇಳಿದ್ದಾರೆ, ಅಲ್ವಾ?

ಸ್ಮಿತಾ: ಮಂಡಿ ಟಯರ್ ಅಲ್ಲ ಚಿಕ್ಕಪ್ಪ. ಮೂಳೆ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಗೆ (ಕಾರ್ಟಿಲೇಜ್) ರಕ್ತನಾಳವೇ ಇಲ್ಲ, ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ, ಅದು ಸರಿಯಾಗಿ ಸಿಗಬೇಕು ಅಂದರೆ ಕಾಲು ಆಡುತ್ತಿರಬೇಕು. ಸುಮ್ನೆ ಕೂತರೆ ತೊಡೆಯ ಸ್ನಾಯು ಸೊರಗುತ್ತದೆ, ನೋವು ಇನ್ನೂ ಜಾಸ್ತಿ. ಎಕ್ಸ್‌ರೇ ನೋಡಿ ನೋವು ಅಳೆಯಲು ಆಗುವುದಿಲ್ಲ. ಫಿಲ್ಮಿನಲ್ಲಿ ತುಂಬಾ ಸವೆದಂತೆ ಕಂಡರೂ ಆರಾಮಾಗಿ ಓಡಾಡುವವರಿದ್ದಾರೆ.

ಮೈಸೂರು ಅತ್ತೆ: ನಾನು ಅದೇ ಪುಡಿ ತಗೊಳ್ಳುತ್ತಿದ್ದೀನಿ. ಎರಡೇ ದಿನಕ್ಕೆ ನೋವು ಮಾಯ. ಅದು ಸುಳ್ಳಾ?

ಸ್ಮಿತಾ: ಸುಳ್ಳಲ್ಲ ಅತ್ತೆ, ಅದಕ್ಕೇ ನನಗೆ ಭಯ. ಇಂಥ ಪುಡಿಗಳಲ್ಲಿ ಹೇಳದೇ ಸ್ಟೀರಾಯ್ಡ್, ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಬೆರೆಸಿದ್ದು ಲ್ಯಾಬ್ ಪರೀಕ್ಷೆಗಳಲ್ಲಿ ಎಷ್ಟೋ ಸಲ ಸಿಕ್ಕಿದೆ. ನಿಮಗೆ ಶುಗರ್ ಬೇರೆ ಇದೆ, ಸ್ಟೀರಾಯ್ಡ್ ಅದನ್ನು ಏರಿಸುತ್ತದೆ. ಇವತ್ತೇ ಶುಗರ್ ನೋಡಿಸಿ, ಡಬ್ಬಿ ಸಮೇತ ಡಾಕ್ಟರಿಗೆ ತೋರಿಸಿ. ತುಂಬಾ ದಿನದಿಂದ ತಗೊಂಡಿದ್ದರೆ ಅವರನ್ನು ಕೇಳಿಯೇ ನಿಲ್ಲಿಸಿ.

ಚಿಕ್ಕಪ್ಪ: ಮಂಡಿ ಸವೆತಕ್ಕೆ ಅಂತ ಗ್ಲುಕೋಸಮೈನ್ ಮಾತ್ರೆಯನ್ನು ಡಾಕ್ಟರುಗಳೇ ಬರೆಯುತ್ತಾರಲ್ಲ. ಅದಕ್ಕೇನು ಹೇಳುತ್ತೀಯ?

ಸ್ಮಿತಾ: ಅಮೆರಿಕದಲ್ಲಿ ಸುಮಾರು 1,600 ಜನರ ಮೇಲೆ ಅದನ್ನು ಪರೀಕ್ಷೆ ಮಾಡಿ 2006ರಲ್ಲಿ ಫಲಿತಾಂಶ ಹೇಳಿದರು. ಒಟ್ಟಾರೆ ನೋಡಿದರೆ ಔಷಧಿಯೇ ಇಲ್ಲದ ಮಾತ್ರೆಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ. ಆ ದುಡ್ಡಿಗೆ ಫಿಸಿಯೋಥೆರಪಿಗೆ ಹೋಗಬಹುದು. ತೂಕ ಜಾಸ್ತಿ ಇರುವವರು 1 ಕೆಜಿ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಸುಮಾರು 4 ಕೆಜಿ ಭಾರ ಕಡಿಮೆಯಾಗುತ್ತದೆ.

ಅಮ್ಮ: ಎಲ್ಲಾ ಸರಿ ಕಣೆ. ಈಳಿಗೆಮಣೆ ಮುಂದೆ ಕೂತರೆ ಏಳುವಾಗ ಪ್ರಾಣ ಹೋಗುತ್ತದೆ. ನಡೆದರೆ ಅಷ್ಟು ನೋವಿಲ್ಲ.

ಸ್ಮಿತಾ: ಹಾಗಾದರೆ ಬಿಡಬೇಕಾದದ್ದು ಈಳಿಗೆಮಣೆ, ವಾಕಿಂಗ್ ಅಲ್ಲ. ಟೇಬಲ್ ಮೇಲೆ ಚಾಕುವಿನಲ್ಲಿ ತರಕಾರಿ ಹೆಚ್ಚು. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಚಾಚಿ, ತೊಡೆ ಬಿಗಿಮಾಡಿ, 5 ಎಣಿಸಿ ನಿಧಾನಕ್ಕೆ ಇಳಿಸು. ಆಮೇಲೆ ಇನ್ನೊಂದು. ನೋವು ಜಾಸ್ತಿಯಾದ ದಿನ ಡಾಕ್ಟರ್ ಕೊಟ್ಟ ಜೆಲ್ ಹಚ್ಚಿಕೋ. ಬಿಪಿ ಇರುವಾಗ ನೋವಿನ ಮಾತ್ರೆ ಮಾತ್ರ ನೀನೇ ನುಂಗಬೇಡ, ಕಿಡ್ನಿಗೆ ಕಷ್ಟ. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಕಾಯಬೇಡ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಚಿಕ್ಕಪ್ಪ: ವಿಡಿಯೋ ತೆಗೆದೆ. ಆದರೆ ಅತ್ತಿಗೆ ಒಬ್ಬರೇ ಹೋಗುವುದು ನನಗೆ ಇಷ್ಟವಿಲ್ಲ. ಕೋಲಾದರೂ ಹಿಡಿಯಲಿ.

ಸ್ಮಿತಾ: ಖಂಡಿತ ಹಿಡಿಯಲಿ. ಅಮ್ಮ, ನಿನಗೆ ನೋವು ಬಲಗಾಲಿಗೆ, ಕೋಲು ಎಡಗೈಯಲ್ಲಿರಲಿ.