ಬದುವಿನ ಬಾರಿ (ಬೋರೆ) ಗಿಡ ಕೀಳೂದೋ, ಕಸಿ ಕಟ್ಟೂದೋ?

ಪ್ರಶ್ನೆ, ಕುಷ್ಟಗಿಯಿಂದ: ಬದುವಿನ ಮ್ಯಾಲೆ ತಾನಾಗೇ ಹುಟ್ಟಿದ ಬಾರಿ ಗಿಡ ನಾಕಾರು ಅದಾವು. ಹಣ್ಣು ಗೋಲಿಯಷ್ಟು, ಅದರಾಗ ಬೀಜಾನ ಜಾಸ್ತಿ. ಕಿತ್ತು ದೊಡ್ಡ ಬಾರಿ ಸಸಿ ಹಚ್ಚಬೇಕೋ, ಇವಕ್ಕ ಕಸಿ ಕಟ್ಟಬಹುದೋ? ತಿಳಿದವರು ಹೇಳ್ರಿ.

ಮಾನ್ವಿಯಿಂದ: ಕೀಳಬ್ಯಾಡ್ರಿ ಅಣ್ಣಾ. ಜವಾರಿ ಗಿಡದ ತಾಯಿಬೇರು ಆಳಕ್ಕ ಇಳಿದಿರ್ತದ, ಮಳಿ ಕೈಕೊಟ್ಟರೂ ಗಿಡ ತಡೀತದ. ಉಮ್ರಾನ್ ಅನ್ನೋ ದೊಡ್ಡ ಬಾರಿ ತಳಿಯ ಹಣ್ಣಿನ ಬೀಜ ಊರಿದರ ಉಮ್ರಾನೇ ಬರ್ತದಂತ ನಂಬಬ್ಯಾಡ್ರಿ, ಬೀಜದ ಗಿಡ ಒಂದರಂಗ ಒಂದಿರಲ್ಲ. ಕಣ್ಣು ಕಸಿನೇ ದಾರಿ, ಅಂದ್ರ ಒಳ್ಳೆ ತಳಿಯ ಟೊಂಗಿಯ ಮೊಗ್ಗು (ಕಣ್ಣು) ತಂದು ಜವಾರಿ ಗಿಡಕ್ಕ ಕೂಡಿಸೂದು.

ಏಪ್ರಿಲ್-ಮೇದಾಗ ಎಲಿ ಉದುರಿದ ಮ್ಯಾಲೆ ಗಿಡಾನ ಸೊಂಟದೆತ್ತರಕ್ಕ ಕಡೀರಿ. ಒಡೆಯೋ ಚಿಗುರಿನಾಗ ಗಟ್ಟಿ ಇದ್ದ ಮೂರು-ನಾಕು ಇಟ್ಟು ಉಳಿದದ್ದು ತೆಗೀರಿ. ಪೆನ್ಸಿಲ್ ದಪ್ಪ ಆದಾಗ, ಜೂನ್-ಜುಲೈ ಹೊತ್ತಿಗೆ, ಒಂದಿಂಚಿನ ಟಿ ಆಕಾರದ ಗೀರು ಹಾಕಿ ತೊಗಟಿ ಬಿಡಿಸ್ರಿ. ಉಮ್ರಾನ್ ಅಥವಾ ಗೋಲಾ ತಳಿಯ ಅದೇ ವರ್ಷದ ಟೊಂಗಿಯಿಂದ ಉಬ್ಬಿದ ಕಣ್ಣು ತೊಗಟಿ ಸಮೇತ ಎತ್ತಿ, ಒಳಗ ಜಾರಿಸಿ, ಕಣ್ಣಷ್ಟೇ ಹೊರಗಿರೋ ಹಂಗ ಪ್ಲಾಸ್ಟಿಕ್ ಪಟ್ಟಿ ಬಿಗೀರಿ. ತೊಗಟಿ ಸಲೀಸಾಗಿ ಬಿಡದಿದ್ದರ ಗಿಡದಾಗ ರಸ ಏರಿಲ್ಲಂತ ಅರ್ಥ. ನೀರು ಕೊಟ್ಟು ಒಂದು ವಾರ ತಡೀರಿ. ಪಟ್ಟಿ ಸಡಿಲಿದ್ದರ ಮಳಿನೀರು ಹೊಕ್ಕು ಕಣ್ಣು ಕೊಳೀತದ. ಕಣ್ಣು ಹಸಿರಾಗಿ ಉಬ್ಬಿದ ಮ್ಯಾಲೆ ಅದರ ಮೇಲಿನ ಜವಾರಿ ಟೊಂಗಿ ಕತ್ತರಿಸ್ರಿ.

ಒಣಗಿಸಿ ಬೆಲ್ಲ, ಖಾರ ಹಾಕಿ ಕುಟ್ಟಾಕ ಜವಾರಿ ಹುಳಿನೇ ಚಲೋ. ಒಂದು ಗಿಡ ಹಂಗೇ ಬಿಡ್ರಿ.

ಸಂಡೂರಿನಿಂದ: ಮೇಲಿನವರು ಹೇಳಿದ್ದು ಸರಿ, ಆದರೆ ಕಟ್ಟಿದ ಮೇಲಿನ ಕೆಲಸವೇ ಹೆಚ್ಚು. ಕಸಿ ಕೆಳಗೆ ಬರೋ ಚಿಗುರು ಮುರೀತಾನೇ ಇರಬೇಕು. ಬಿಟ್ಟರೆ ಅದೇ ಬಲಿತು ಕಸಿ ಟೊಂಗೆ ಸೊರಗುತ್ತೆ, ಎರಡು ವರ್ಷದಾಗೆ ಮತ್ತೆ ಮುಳ್ಳುಗಿಡ. ಹೂ ಬಿಡೋದು ಆ ವರ್ಷದ ಚಿಗುರಿನ ಎಲೆಬುಡದಾಗೆ, ಅದಕ್ಕೇ ಪ್ರತಿ ಬೇಸಿಗೆ ಸವರಬೇಕು. ಎಳೆಕಾಯಿ ಮೇಲೆ ಬಿಳಿ ಬೂದಿ ಕಂಡರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಬಿಸಿಲು ಇಳಿದ ಮೇಲೆ ಹೊಡೀರಿ.

ಒಂದು ಜವಾರಿ ಗಿಡ ಬಿಡೋ ಮಾತಿಗೆ ಮಾತ್ರ ನಾನು ಒಪ್ಪೋದು ಕಷ್ಟ. ಹಣ್ಣುನೊಣಕ್ಕೆ ಅದೇ ತವರುಮನೆ. ಉದುರಿದ ಹಣ್ಣಿನೊಳಗಿನ ಹುಳ ಮಣ್ಣಿಗಿಳಿದು ಕೋಶ ಕಟ್ಟಿ, ನೊಣ ಆಗಿ ಕಸಿ ಗಿಡಕ್ಕೇ ಬರುತ್ತೆ. ಬಿಡೋದೇ ಆದರೆ ಬಿದ್ದದ್ದನ್ನು ದಿನಾ ಆರಿಸಿ ಎರಡಡಿ ಆಳಕ್ಕೆ ಹೂಳ್ರಿ, ಬೇಸಿಗೆಯಾಗೆ ಬುಡದ ಮಣ್ಣು ಕೆದರಿ ಬಿಸಿಲಿಗೆ ಬಿಡ್ರಿ.