ಭಾರದ ಪೆಲೆಟ್ ಹಾಕಿದ ಮೇಲೆ ಏರ್ ರೈಫಲ್ ಗುರಿ ಚದುರುತ್ತಿದೆ, ತಪ್ಪು ಎಲ್ಲಿದೆ?

ಕಾಫಿಕಣ, ಮೂಡಿಗೆರೆ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಅಪ್ಪನ ಕಾಲದ ಏರ್ ರೈಫಲ್ ಒಂದಿದೆ. ನಳಿಗೆ ಮಡಿಸಿ ಸ್ಪ್ರಿಂಗ್ ಬಿಗಿಯುವ ಮಾದರಿ, ನಳಿಗೆಯ ಒಳ ಅಗಲ 4.5 ಮಿ.ಮೀ. ಕಣದ ಅಂಚಿನಲ್ಲಿ 20 ಮೀಟರ್ ಅಳೆದು ಗೂಟ ಹೊಡೆದಿದ್ದೇನೆ. ಭಾನುವಾರ ಮಧ್ಯಾಹ್ನ ಅಲ್ಲಿಯೇ ನನ್ನ ಅಭ್ಯಾಸ. ಕಳೆದ ಬೇಸಿಗೆಯಲ್ಲಿ ಐದು ಈಡು ಹೊಡೆದರೆ ಐದೂ ತೂತುಗಳನ್ನು ಹತ್ತು ರೂಪಾಯಿಯ ಒಂದು ನಾಣ್ಯದಿಂದ ಮುಚ್ಚಬಹುದಾಗಿತ್ತು.

ಮಳೆಗಾಲದಲ್ಲಿ ಮುಟ್ಟಲಿಲ್ಲ. ಈ ನಡುವೆ ಅಮೆರಿಕದ ಬೇಟೆಗಾರರು ದೊಡ್ಡ ರಿವಾಲ್ವರ್‌ಗಳಿಗೆ ತಾವೇ ಎರಕ ಹೊಯ್ದ ಭಾರದ ಸೀಸದ ಗುಂಡು ಹಾಕುತ್ತಾರೆ, ಅದು ನೆಟ್ಟಗೆ ಹೋಗಿ ಆಳಕ್ಕೆ ಇಳಿಯುತ್ತದೆ ಎಂದು ಓದಿದೆ. ನನ್ನದಕ್ಕೂ ಭಾರದ್ದೇ ಒಳ್ಳೆಯದಿರಬೇಕು ಎಂದುಕೊಂಡು 8.4 ಗ್ರೇನ್ (ಸುಮಾರು ಅರ್ಧ ಗ್ರಾಂ) ತೂಕದ ಪೆಲೆಟ್, ಅಂದರೆ ಸೀಸದ ಗುಳಿಗೆ, ಬಿಟ್ಟು 10.3 ಗ್ರೇನಿನದು ತರಿಸಿದೆ. ಈಗ ನೋಡಿದರೆ ಐದು ಈಡುಗಳು ಕಾಫಿ ತಟ್ಟೆಯಷ್ಟು ಅಗಲಕ್ಕೆ ಹರಡುತ್ತಿವೆ. ಜೊತೆಗೆ ಎಲ್ಲವೂ ಗುರಿಗಿಂತ ಕೆಳಗೆ. ಸ್ಕೋಪ್ ತಿರುಗಿಸಿ ತಿರುಗಿಸಿ ಸಾಕಾಯಿತು.

ಇನ್ನೊಂದು ಪ್ರಶ್ನೆ. ಟೈರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸಿಂಗ್‌ಗೆ ಹಾಕುವ ಸೀಸದ ತುಂಡುಗಳನ್ನು ಒಂದು ಚೀಲ ಕೊಡುತ್ತೇನೆ ಎಂದಿದ್ದಾರೆ. ಅದನ್ನು ಕರಗಿಸಿ ನಾನೇ ಪೆಲೆಟ್ ಎರಕ ಹೊಯ್ದುಕೊಂಡರೆ ಹೇಗೆ?

ಬೇಲೂರು ರಸ್ತೆ:

ಸ್ಕೋಪ್ ಹೋಗಿದೆ. ಹೊಸದು ತೆಗೆದುಕೊಳ್ಳಿ. ನನ್ನದೂ ಹೀಗೆಯೇ ಆಗಿತ್ತು.

ಹಳೇ ನಳಿಗೆ, ಸಕಲೇಶಪುರ:

ಸ್ಕೋಪ್ ಹೋಗಿರಲೂಬಹುದು. ಸ್ಪ್ರಿಂಗ್ ಬಂದೂಕು ಮೊದಲು ಹಿಂದಕ್ಕೆ, ಆಮೇಲೆ ಸ್ಪ್ರಿಂಗ್ ತಳ್ಳುವ, ಗಾಳಿ ಒತ್ತುವ ಪಿಸ್ಟನ್ ಕೊನೆ ಮುಟ್ಟಿದಾಗ ಮುಂದಕ್ಕೆ, ಹೀಗೆ ಎರಡು ಸಲ ಒದೆಯುತ್ತದೆ. ಅದಕ್ಕೆಂದೇ ಮಾಡದ ಸ್ಕೋಪ್ ಆದರೆ ಕೆಲವೇ ಡಬ್ಬಿ ಪೆಲೆಟ್‌ಗಳಲ್ಲಿ ಒಳಗಿನ ಗಾಜು ಸಡಿಲವಾಗುತ್ತದೆ. ಆದರೆ ನೋಡದೆ ಹಣ ಸುರಿಯುವುದು ಬೇಡ.

ಮೊದಲು ರಿವಾಲ್ವರ್ ವಿಷಯ ಮುಗಿಸೋಣ, ತಪ್ಪು ಅಲ್ಲಿಂದಲೇ ಶುರುವಾಗಿದೆ. ಅಂಥ ದೊಡ್ಡ ರಿವಾಲ್ವರ್‌ಗಳಿಗೆ ಹಾಕುವ .44 ಮ್ಯಾಗ್ನಮ್ ಎನ್ನುವುದು 1955ರಲ್ಲಿ ಬಂದ ತೋಟಾ. ಅದರ ಸಾಧಾರಣ ಗುಂಡು 240 ಗ್ರೇನ್, ಅಂದರೆ ಹದಿನೈದೂವರೆ ಗ್ರಾಂ. ಭಾರದ್ದು ಎಂದರೆ 300 ಗ್ರೇನ್ ಮತ್ತು ಮೇಲೆ. ಅಲ್ಲಿ ತಳ್ಳುವುದು ಮದ್ದು. ಗುಂಡು ಭಾರವಾದರೆ ಮದ್ದು ಇನ್ನಷ್ಟು ಒತ್ತಡದಲ್ಲಿ ಉರಿಯುತ್ತದೆ, ಅದಕ್ಕೆ ತಕ್ಕ ಮದ್ದನ್ನೂ ಆರಿಸುತ್ತಾರೆ. ಸೀಸಕ್ಕೆ ತವರ, ಆಂಟಿಮನಿ ಸೇರಿಸಿ ಗಟ್ಟಿ ಮಾಡುತ್ತಾರೆ. ನಿಮ್ಮ ಬಂದೂಕಿನಲ್ಲಿ ಇರುವುದು ಒಂದೇ ಸ್ಪ್ರಿಂಗ್. ನೀವು ಏನು ಹಾಕಿದರೂ ಅದು ಕೊಡುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಪೆಲೆಟ್ ತೀರಾ ಭಾರವಾದರೆ ಪಿಸ್ಟನ್ ಮುಂದಿನ ಗಾಳಿಯ ಒತ್ತಡಕ್ಕೆ ಪುಟಿದು ಹಿಂದೆ ಬರುತ್ತದೆ, ಶಕ್ತಿ ಇನ್ನೂ ಕಡಿಮೆಯಾಗುತ್ತದೆ.

ಲೆಕ್ಕಕ್ಕೆ 14 ಜೌಲ್ ಎಂದು ಇಟ್ಟುಕೊಳ್ಳಿ. 8.4 ಗ್ರೇನ್ ಎಂದರೆ 0.54 ಗ್ರಾಂ. ಅದು ಸೆಕೆಂಡಿಗೆ ಸುಮಾರು 227 ಮೀಟರ್ ವೇಗದಲ್ಲಿ ಹೊರಡುತ್ತದೆ. 10.3 ಗ್ರೇನಿನದು 205ಕ್ಕೆ ಇಳಿಯುತ್ತದೆ. 20 ಮೀಟರ್ ಮುಟ್ಟುವ ಹೊತ್ತಿಗೆ ಮೊದಲನೆಯದು ಸುಮಾರು 3.8 ಸೆಂಟಿಮೀಟರ್ ಬಿದ್ದಿರುತ್ತದೆ, ಎರಡನೆಯದು 4.7. ಗಾಳಿಯ ತಡೆ ಸೇರಿದರೆ ಅಂತರ ಇನ್ನೂ ಸ್ವಲ್ಪ ಹೆಚ್ಚು. ನಿಮ್ಮ ಈಡು ಕೆಳಗೆ ಬೀಳುವುದಕ್ಕೆ ಇಷ್ಟೇ ಕಾರಣ, ಅದು ರೋಗವಲ್ಲ. ಚದುರುವುದು ಬೇರೆ ಸಂಗತಿ. ಭಾರ ಹೆಚ್ಚಾದರೆ ಐದೂ ಒಟ್ಟಾಗಿ ಕೆಳಗೆ ಹೋಗಬೇಕು, ದಿಕ್ಕಿಗೊಂದು ಹೋಗಬಾರದು.

ಎರಕದ ಯೋಚನೆ ಬಿಟ್ಟುಬಿಡಿ. ಪೆಲೆಟ್ ನಡು ಸಣ್ಣಗಿರುವ, ಹಿಂಭಾಗ ಟೊಳ್ಳಾಗಿರುವ ವಸ್ತು. ಆ ತೆಳ್ಳನೆಯ ಅಂಚು ಗಾಳಿಯ ಒತ್ತಡಕ್ಕೆ ಅರಳಿ ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಹಿಡಿಯಬೇಕು. ಅದಕ್ಕೆ ಉಗುರಿನಿಂದ ಗೀರಿದರೆ ಗೆರೆ ಬೀಳುವಂಥ ಮೆತ್ತನೆಯ ಸೀಸ ಬೇಕು, ಅದನ್ನು ಅಚ್ಚಿನಲ್ಲಿ ಒತ್ತಿ ಮಾಡುತ್ತಾರೆ. ಚಕ್ರದ ತುಂಡಿನಲ್ಲಿ ಆಂಟಿಮನಿ ಇರುತ್ತದೆ, ಗಟ್ಟಿ. ಈಗೀಗ ಸೀಸವೇ ಅಲ್ಲದ ಸತುವಿನ ತುಂಡುಗಳೂ ಬರುತ್ತಿವೆ. ಸೀಸ 327 ಡಿಗ್ರಿಗೆ ಕರಗುತ್ತದೆ, ಸತು 419ಕ್ಕೆ. ಎರಡೂ ಒಂದೇ ಪಾತ್ರೆಗೆ ಬಿದ್ದರೆ ಎರಕ ಕೆಟ್ಟಿತು. ಮನೆಯಲ್ಲಿ ಮಕ್ಕಳಿದ್ದರೆ ಸೀಸ ಕರಗಿಸುವ ಮಾತೇ ಬೇಡ. ಅಮೆರಿಕದವರಂತೆ ಮನೆಯಲ್ಲೇ ತೋಟಾ ತುಂಬುವ ಹವ್ಯಾಸವಂತೂ ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅಪರಾಧ. ಅದು ಅವರ ಊರಿನ ಕಥೆ ಎಂದು ಓದಿ ಬಿಡಿ.

ಈಗ ಮೂರು ಪ್ರಶ್ನೆ. ಮಳೆಗಾಲದಲ್ಲಿ ಬಂದೂಕನ್ನು ಎಲ್ಲಿ ಇಟ್ಟಿದ್ದಿರಿ? ಹೊರತೆಗೆದ ಮೇಲೆ ಎಣ್ಣೆ ಹಾಕಿದಿರಾ, ಎಲ್ಲಿಗೆ? ಹೊಡೆಯುವಾಗ ಯಾವುದರ ಮೇಲೆ ಇಟ್ಟು ಹೊಡೆಯುತ್ತೀರಿ?

ಕಾಫಿಕಣ, ಮೂಡಿಗೆರೆ:

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ತುಕ್ಕು ಹಿಡಿಯುತ್ತದೆ ಎಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆ. ತುಕ್ಕು ಒಂದು ಚುಕ್ಕೆಯೂ ಬಂದಿಲ್ಲ. ಕೆಳಗೆ ಇಳಿಸಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ನಳಿಗೆ ಕೂಡುವ ಕಡೆಯ ಸಣ್ಣ ತೂತಿಗೆ ನಾಲ್ಕು ಹನಿ ಬಿಟ್ಟೆ. ಮೊದಲ ಕೆಲವು ಈಡುಗಳಿಗೆ ನಳಿಗೆಯ ಬಾಯಿಂದ ಹೊಗೆ ಬಂದು, ಶಬ್ದವೂ ಜೋರಾಗಿತ್ತು. ಶಕ್ತಿ ಹೆಚ್ಚಿತು ಎಂದು ಖುಷಿಯಾದೆ. ಹೊಡೆಯುವುದು ಪಾರ್ಚ್‌ಮೆಂಟ್ ಕಾಫಿ ಮೂಟೆಯ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದು.

ಹಳೇ ನಳಿಗೆ, ಸಕಲೇಶಪುರ:

ಬಚ್ಚಲ ಒಲೆಯ ಅಟ್ಟವೇ! ನಮ್ಮ ಅಜ್ಜನೂ ಕೇಪಿನ ಕೋವಿಯನ್ನು ಹಾಗೆಯೇ ಇಡುತ್ತಿದ್ದರು. ಕಬ್ಬಿಣಕ್ಕೆ ಅದು ಸ್ವರ್ಗ. ಮರಕ್ಕೂ ಚರ್ಮಕ್ಕೂ ಅಲ್ಲ. ನಾಲ್ಕು ತಿಂಗಳು ಸೌದೆಯಂತೆ ಒಣಗಿದ ಮರ ಕುಗ್ಗಿರುತ್ತದೆ. ಮರ ಕುಗ್ಗಿದರೆ ಕಬ್ಬಿಣವನ್ನು ಅದಕ್ಕೆ ಬಿಗಿದ ತಿರುಪುಗಳು ತಿರುಗದೆಯೇ ಸಡಿಲವಾಗುತ್ತವೆ. ಮುಂದಿನ ಕೈಯಲ್ಲಿ ಹಿಡಿಯುವ ಮರದ ಭಾಗದ ಎರಡು ಬದಿಯ ತಿರುಪು ಮತ್ತು ಟ್ರಿಗರ್ ಕಾವಲಿನ ತಿರುಪು, ಈ ಮೂರಕ್ಕೆ ಸರಿಯಾದ ಅಗಲದ ತಿರುಪುಳಿ ಹಾಕಿ ನೋಡಿ. ಬಿಗಿಯಾದ ಮೇಲೆ ತಲೆಯಿಂದ ಮರದವರೆಗೆ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದರೆ ತಿರುಪು ಜರುಗಿದೆ ಎಂದು ಗೊತ್ತಾಗುತ್ತದೆ. ಸ್ಕೋಪ್ ಕಚ್ಚಿರುವ ಕಡೆಗೂ ಹಾಗೆಯೇ ಗೆರೆ ಹಾಕಿ.

ಹೊಗೆ ಬಂದಿದ್ದು ಶಕ್ತಿಯಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಆ ಬಿಸಿಗೆ ಎಣ್ಣೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ನಿನಂತೆ. ಒಂದು ಈಡು ವೇಗ, ಇನ್ನೊಂದು ನಿಧಾನ. ಗುರಿ ಒಟ್ಟಾಗುವುದು ಹೇಗೆ? ಸ್ಪ್ರಿಂಗ್, ಗಾಳಿ ಸೋರದಂತೆ ತಡೆಯುವ ಸೀಲು ಎರಡಕ್ಕೂ ಏಟು. ಆ ತೂತಿಗೆ ಪೆಟ್ರೋಲಿಯಂ ಎಣ್ಣೆ ಎಂದಿಗೂ ಬೇಡ.

ಮೂಟೆಯ ಮೇಲೆ ಒತ್ತಿ ಹಿಡಿಯುವುದನ್ನೂ ಬಿಡಿ. ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಈ ಬಂದೂಕು ಅಲುಗಾಡುತ್ತದೆ. ಅದನ್ನು ತಡೆಯಲು ಹೋದರೆ ಪ್ರತಿ ಸಲವೂ ಬೇರೆ ಬೇರೆ ರೀತಿ ತಡೆಯುತ್ತೀರಿ. ಮೂಟೆಯ ಮೇಲೆ ನಿಮ್ಮ ಅಂಗೈ, ಅಂಗೈ ಮೇಲೆ ಬಂದೂಕು. ಎಳೆ ಮಗುವಿನ ತಲೆಗೆ ಕೈ ಕೊಟ್ಟಂತೆ, ಹಿಡಿಯಬೇಡಿ. ಭುಜಕ್ಕೂ ಮುಟ್ಟಿದೆ ಎನ್ನುವಷ್ಟೇ.

ಆಲ್ದೂರು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಕಿತ್ತಳೆ ಗಿಡಗಳಿಗೆ ಕೋತಿಗಳ ಕಾಟ. ಭಾರದ ಪೆಲೆಟ್ ಸಾಕಾಗುತ್ತದೆಯೇ?

ಹಳೇ ನಳಿಗೆ, ಸಕಲೇಶಪುರ:

ಇಲ್ಲ, ಮತ್ತು ಆ ಪ್ರಶ್ನೆಗೆ ಇಲ್ಲಿ ಜಾಗವೂ ಇಲ್ಲ. 1972ರ ವನ್ಯಜೀವಿ ಕಾಯ್ದೆ ಓದಿಕೊಳ್ಳಿ. 4.5 ಮಿ.ಮೀ. ಒಳಗಿನ, 20 ಜೌಲ್ ಮೀರದ ಏರ್ ರೈಫಲ್‌ಗೆ 2016ರ ನಿಯಮಗಳಲ್ಲಿ ಪರವಾನಗಿ ಬೇಡ ಎಂದಿರುವುದು ಕಾಗದಕ್ಕೆ ಹೊಡೆಯುವವರಿಗಾಗಿ. ಪೆಲೆಟ್ ತಿಂದ ಕೋತಿ ಸಾಯುವುದಿಲ್ಲ, ಗಾಯ ಕೀವಾಗಿ ವಾರಗಟ್ಟಲೆ ನರಳುತ್ತದೆ. ನಾಯಿ ಸಾಕಿ.

ರೇಂಜ್ ಹುಡುಗಿ, ಹಾಸನ:

ನಾನು ಹತ್ತು ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತೇನೆ, 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ವಿಭಾಗ. ಅಲ್ಲಿ ಹತ್ತು ಅಂಕ ಕೊಡುವ ನಡುವಿನ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಹಾಗಾಗಿ ಪೆಲೆಟ್ ಬಗ್ಗೆ ನಮಗೆ ಸ್ವಲ್ಪ ಹುಚ್ಚು ಹೆಚ್ಚು. ಹಳೇ ನಳಿಗೆಯವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಡಬ್ಬಿಯನ್ನು ಒಂದು ಬಿಳಿ ಬಟ್ಟೆಯ ಮೇಲೆ ಸುರಿದು, ಪ್ರತಿ ಪೆಲೆಟ್‌ನ ಹಿಂದಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ದುಂಡಗೆ ಇರಬೇಕು. ಘಾಟಿ ರಸ್ತೆಯಲ್ಲಿ ಕುಲುಕಿ ಬಂದ ಡಬ್ಬಿಯಲ್ಲಿ ಮೊಟ್ಟೆಯಾಕಾರಕ್ಕೆ ಚಪ್ಪಟೆಯಾದವು ಕೆಲವಾದರೂ ಸಿಗುತ್ತವೆ. ತೂಕಕ್ಕೆ ಅಕ್ಕಸಾಲಿಗರ ಬಳಿ ಇರುವಂಥ ಮಿಲಿಗ್ರಾಂ ತಕ್ಕಡಿ ಸಾಕು. ಕಡಿಮೆ ಬೆಲೆಯ ಡಬ್ಬಿಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡಿದರೆ ಬೇಸರವಾಗುತ್ತದೆ. ಪೆಲೆಟ್ ತಲೆಯ ಅಳತೆಯೂ 4.50, 4.51, 4.52 ಮಿ.ಮೀ. ಎಂದು ಬೇರೆ ಬೇರೆ ಬರುತ್ತದೆ. ನಿಮ್ಮ ನಳಿಗೆಗೆ ಹೆಬ್ಬೆರಳಿನಿಂದ ಒತ್ತಿದಾಗ ಒಂದಿಷ್ಟು ಬಿಗಿಯಾಗಿ ಕೂರಬೇಕು, ತಾನೇ ಜಾರಿ ಒಳಗೆ ಬೀಳಬಾರದು. ಒತ್ತುವಾಗ ಇನ್ನೊಂದು ಕೈಯಲ್ಲಿ ನಳಿಗೆಯನ್ನು ಬಿಗಿಯಾಗಿ ಹಿಡಿದಿರಿ. ಅದು ತಪ್ಪಿ ಮೇಲಕ್ಕೆ ಎಗರಿದರೆ ಬೆರಳು ಹೋಗುತ್ತದೆ.

ಪೆಲೆಟ್‌ಗಳನ್ನು ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಇಂದೇ ಬಿಡಿ, ಮುಗಿಸಿ ಬಂದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಕಾಫಿಕಣ, ಮೂಡಿಗೆರೆ:

ಇಂದು ಬೆಳಿಗ್ಗೆ ಕುಳಿತು ನೋಡಿದೆ. ಎಡಗಡೆಯ ತಿರುಪು ಒಂದೂಕಾಲು ಸುತ್ತು ಬಿಗಿಯಾಯಿತು. ಬಲಗಡೆಯದು ಮುಕ್ಕಾಲು. ಟ್ರಿಗರ್ ಕಾವಲಿನದು ಬೆರಳಿನಲ್ಲೇ ತಿರುಗುತ್ತಿತ್ತು! ಬಂದೂಕನ್ನು ಅಲುಗಾಡಿಸಿದಾಗ ಇದುವರೆಗೆ ಕೇಳುತ್ತಿದ್ದ ಸಣ್ಣ ಟಕ್ ಶಬ್ದ ಸ್ಪ್ರಿಂಗಿನದು ಎಂದುಕೊಂಡಿದ್ದೆ, ಅದು ನಿಂತುಹೋಯಿತು.

ಗಾಳದ ದಾರಕ್ಕೆ ಹತ್ತಿ ಬಟ್ಟೆಯ ತುಂಡು ಕಟ್ಟಿ ಹಿಂದಿನಿಂದ ಬಾಯಿಯ ಕಡೆಗೆ ಎಳೆದೆ. ಮೊದಲ ತುಂಡು ಎಣ್ಣೆಯಿಂದ ಕಪ್ಪಗಾಗಿ, ಮೂರನೆಯದರಲ್ಲಿ ಬೂದು ಬಣ್ಣದ ಸೀಸದ ಚಕ್ಕೆಗಳು ಬಂದವು. ಏಳನೆಯದು ಬೆಳ್ಳಗೆ ಬಂತು.

ಅಂಗೈ ಮೇಲೆ ಇಟ್ಟು ಹೊಡೆದರೆ ಭಾರದ ಪೆಲೆಟ್ ಗುಂಪು ಕಾಫಿ ತಟ್ಟೆಯಿಂದ 55 ಮಿ.ಮೀ.ಗೆ ಇಳಿಯಿತು. ಹಳೆಯ ಡಬ್ಬಿಯಲ್ಲಿ ಉಳಿದಿದ್ದ 8.4 ಗ್ರೇನಿನದು 38 ಮಿ.ಮೀ. ಪರವಾಗಿಲ್ಲ, ಆದರೆ ಬೇಸಿಗೆಯ ನಾಣ್ಯ ಇನ್ನೂ ದೂರವಿದೆ. ಈಗ ಅಡ್ಡಕ್ಕೆ ಚದುರುತ್ತಿಲ್ಲ, ಮೇಲೆ ಕೆಳಗೆ ಮಾತ್ರ ಹರಡುತ್ತಿದೆ.

ಹಳೇ ನಳಿಗೆ, ಸಕಲೇಶಪುರ:

ಆ ಕೊನೆಯ ಸಾಲು ಬರೆದಿದ್ದು ಒಳ್ಳೆಯದಾಯಿತು. ಮೇಲೆ ಕೆಳಗೆ ಮಾತ್ರ ಎಂದರೆ ವೇಗ ಒಂದೇ ಸಮ ಇಲ್ಲ ಎಂದು ಮೊದಲು ಅನುಮಾನಿಸಬೇಕು. ಗಾಳಿ ಎಲ್ಲೋ ಸೋರುತ್ತಿದೆ. ನಳಿಗೆ ಮಡಿಸುವ ಕಡೆ, ನಳಿಗೆಯ ಹಿಂಬದಿಯ ಸುತ್ತ ಒಂದು ಚರ್ಮದ ಅಥವಾ ರಬ್ಬರಿನ ಬಳೆ ಇರುತ್ತದೆ. ಅಪ್ಪನ ಕಾಲದ್ದಾದರೆ ಚರ್ಮವೇ. ಅಟ್ಟದಲ್ಲಿ ಮರ ಒಣಗಿದಂತೆ ಅದೂ ಒಣಗಿರುತ್ತದೆ.

ಪರೀಕ್ಷೆ ಸುಲಭ. ಪೆಲೆಟ್ ಹಾಕಿ ನಳಿಗೆ ಮುಚ್ಚಿ, ಆ ಸಂದಿಯ ಮೇಲೆ ಟಿಶ್ಯೂ ಕಾಗದದ ಬೆರಳಗಲದ ತುಂಡು ಇಟ್ಟು ಗುರಿಗೆ ಹೊಡೆಯಿರಿ. ಕಾಗದ ಹಾರಿದರೆ ಸೋರುತ್ತಿದೆ. ಪೆಲೆಟ್ ಇಲ್ಲದೆ ಬರಿದೇ ಹೊಡೆಯಬೇಡಿ, ಪಿಸ್ಟನ್ ತಲೆ ಜಜ್ಜಿಹೋಗುತ್ತದೆ.

ಮರೆತಿದ್ದೆ, ಗುರಿಯ ಹಿಂದೆ ಏನು ಇಟ್ಟಿದ್ದೀರಿ?

ಕಾಫಿಕಣ, ಮೂಡಿಗೆರೆ:

ಸಿಲ್ವರ್ ಓಕ್ ಮರ ಇತ್ತು ಅಣ್ಣ. ಒಂದು ಪೆಲೆಟ್ ತಿರುಗಿ ಬಂದು ಪಕ್ಕದ ಬಕೆಟ್ಟಿಗೆ ಬಡಿದ ಮೇಲೆ ಮರದ ಪೆಟ್ಟಿಗೆಗೆ ಹಳೆಯ ದಿನಪತ್ರಿಕೆಗಳನ್ನು ಒತ್ತೊತ್ತಾಗಿ ತುಂಬಿ ಇಟ್ಟಿದ್ದೇನೆ.

ಟಿಶ್ಯೂ ಚಿಟ್ಟೆಯಂತೆ ಹಾರಿತು. ಐದು ಸಲ ಹೊಡೆದೆ, ಐದೂ ಸಲ ಹಾರಿತು, ಒಮ್ಮೆ ಒಂದು ಗೇಣು, ಒಮ್ಮೆ ಒಂದು ಮೊಳ. ಬಳೆ ತೆಗೆದು ನೋಡಿದರೆ ಹಳೆಯ ಅಡಿಕೆ ಸಿಪ್ಪೆಯಂತೆ ಗಟ್ಟಿ, ಒಂದು ಕಡೆ ಸೀಳು. ಪೇಟೆಯಲ್ಲಿ ಚಪ್ಪಲಿ ರಿಪೇರಿ ಮಾಡುವವರು ಅದನ್ನೇ ಅಳತೆಗೆ ಇಟ್ಟುಕೊಂಡು ಹೊಸ ಚರ್ಮದಲ್ಲಿ ಕತ್ತರಿಸಿ ಕೊಟ್ಟರು. ಹತ್ತು ರೂಪಾಯಿ ಸಾಕು ಎಂದರು. ಮೊದಲನೆಯದು ದಪ್ಪವಾಗಿ ನಳಿಗೆಯೇ ಮುಚ್ಚಲಿಲ್ಲ, ಉಜ್ಜು ಕಾಗದದ ಮೇಲೆ ಸ್ವಲ್ಪ ಸ್ವಲ್ಪ ತೇಯ್ದು ಕೂರಿಸಿದೆ. ಈಗ ಟಿಶ್ಯೂ ಅಲುಗುವುದಿಲ್ಲ.

ನಳಿಗೆ ಸ್ವಚ್ಛ ಮಾಡಿದ ಮೇಲಿನ ಮೊದಲ ಹತ್ತು ಹನ್ನೆರಡು ಈಡುಗಳು ಮನಬಂದಂತೆ ಹೋದವು, ಆಮೇಲೆ ದಾರಿಗೆ ಬಂದವು. 8.4 ಗ್ರೇನ್: 24 ಮಿ.ಮೀ., ನಾಣ್ಯದ ಕೆಳಗೆ ಮಾಯ. ಭಾರದ್ದು: 41. ನಾಲ್ಕು ಸಲ ಬದಲಾಯಿಸಿ ಬದಲಾಯಿಸಿ ಹೊಡೆದೆ, ಭಾರದ್ದು 40ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಅಂಚು ನೋಡಿ ಆರಿಸಿದ ಪೆಲೆಟ್‌ಗಳೇ ಎಲ್ಲವೂ.

ರೇಂಜ್ ಹುಡುಗಿ, ಹಾಸನ:

ಭಾರದ ಡಬ್ಬಿ ಎಸೆಯಬೇಡಿ. ಸ್ಪ್ರಿಂಗ್ ಬದಲಾಯಿಸಿದ ದಿನ ಮತ್ತೆ ಹೊಡೆದು ನೋಡಬಹುದು. ಬಂದೂಕು ಈಗ ಎಲ್ಲಿದೆ?

ಕಾಫಿಕಣ, ಮೂಡಿಗೆರೆ:

ನಡುಮನೆಯ ಬೀರುವಿನಲ್ಲಿ, ಬೀಗ ಹಾಕಿ, ಲೋಹಕ್ಕೆ ತೆಳ್ಳಗೆ ಎಣ್ಣೆ ಒರೆಸಿ. ಅಟ್ಟದ ಜಾಗಕ್ಕೆ ಅಮ್ಮ ಆಗಲೇ ಸೀಗೆಕಾಯಿ ಮೂಟೆ ಏರಿಸಿದ್ದಾರೆ.

ಅಣ್ಣ, ಒಂದು ವಿಷಯ. ಅರುವತ್ತು ಈಡುಗಳಾದ ಮೇಲೆ ಎಡಗಡೆಯ ತಿರುಪಿನ ಗೆರೆ ಕೂದಲೆಳೆಯಷ್ಟು ಮುರಿದಿದೆ. ಬಲಗಡೆಯದು ನೆಟ್ಟಗಿದೆ. ಇನ್ನೂ ಬಿಗಿಯಬೇಕೇ?

ಹಳೇ ನಳಿಗೆ, ಸಕಲೇಶಪುರ:

ಬಲ ಹಾಕಿ ಬಿಗಿದರೆ ಒಣಗಿದ ಮರ ಸೀಳುತ್ತದೆ. ತಿರುಪು ತೆಗೆದು ಅದರ ತಲೆಯ ಕೆಳಗೆ ಹಲ್ಲಿರುವ ವಾಷರ್ ಒಂದು ಹಾಕಿ, ಮೊದಲಿನಷ್ಟೇ ಬಿಗಿದು ಹೊಸ ಗೆರೆ ಎಳೆಯಿರಿ. ಒಂದು ಮಳೆ ಕಂಡು ಮರ ಮತ್ತೆ ಉಬ್ಬಿದಾಗ ಅದನ್ನೇ ಕಾಲು ಸುತ್ತು ಸಡಿಲಿಸಬೇಕಾಗಬಹುದು, ಜುಲೈನಲ್ಲಿ ಒಮ್ಮೆ ನೋಡಿ.